ಬಾವ ಹಿಡಿದ ಗಾಳಿ

ನನ್ನ ಹೆಂಡತಿಯ ಅಣ್ಣನಿಗೆ ಗಾಳಿ ಹಿಡಿದಿದೆ. ತೋಡೂರಿನಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಅವನನ್ನೇ ಕೇಳಿದರೆ, ಗಾಳಿಯನ್ನು ತಾನು ಹಿಡಿದಿದ್ದೇನೆ ಎನ್ನುತ್ತಾನೆ! ಎರಡೂ ನಿಜ. ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡುವ ಈ ಬಾವ ಅಂಕೋಲೆಯ ಗುಜರಿಯಿಂದ ಲಾರಿಯ ಹಳೇ ಡೈನಮೊ ತಂದು, ಪಿವಿಸಿ ಪೈಪು ಸೀಳಿ ಮೂರು ರೆಕ್ಕೆ ಮಾಡಿ, ಮನೆ ಹಿಂದಿನ ದಿಬ್ಬದಲ್ಲಿ ಕಬ್ಬಿಣದ ಕಂಬ ನೆಟ್ಟು ಗಾಳಿಯಂತ್ರ ನಿಲ್ಲಿಸಿದ. ಅದು ತಿರುಗಿದರೆ ಬ್ಯಾಟರಿ ತುಂಬಬೇಕು, ಮನೆಗೆ ಬೆಳಕಾಗಬೇಕು.

ಮೊದಲ ದಿನವೇ ಒಂದು ರೆಕ್ಕೆ ಹಾರಿ ಪಕ್ಕದ ಮನೆಯ ಬಸಳೆ ಚಪ್ಪರದ ಮೇಲೆ ಬಿತ್ತು. ಆ ಮನೆಯಾಕೆ ರೆಕ್ಕೆ ಹಿಡಿದು ಜಗಳಕ್ಕೆ ಬಂದರೆ ಇವನು, "ಅಲ್ಲೀವರೆಗೆ ಹೋಗಿತ್ತಾ? ಹಂಗಾದ್ರೆ ಗಾಳಿ ಜೋರುಂಟು" ಎಂದು ಖುಷಿಪಟ್ಟ.

ನಾನೂ ನಕ್ಕೆ. ನಗಬಾರದೇಕೆ? ನಾನು ಅದೇ ಭಾಗದ ಲೈನ್‌ಮನ್. ಬೆಳಕಿನ ವಿಷಯದಲ್ಲಿ ಊರವರು ಕೈಮುಗಿಯಬೇಕಾದದ್ದು ನನಗೆ.

ಮಳೆಗಾಲ ಬಂತು, ನಗು ನಿಂತಿತು. ಸಮುದ್ರದಿಂದ ಬೀಸುವ ಯಾವ ಗಾಳಿ ಮರ ಕೆಡವಿ ನನ್ನ ತಂತಿ ಹರಿಯುತ್ತದೋ, ಅದೇ ಗಾಳಿ ಬಾವನ ಮನೆಗೆ ದೀಪ ಹಚ್ಚುತ್ತದೆ. ಹೊಟ್ಟೆ ಉರಿಯದೆ ಇನ್ನೇನಾದೀತು? ಕರೆಂಟಿಲ್ಲದ ದಿನ ಅಕ್ಕಪಕ್ಕದವರ ಮೊಬೈಲುಗಳೆಲ್ಲ ಅವನ ಜಗಲಿಯಲ್ಲಿ ಸಾಲಾಗಿ ಚಾರ್ಜಿಗೆ ಕೂತಿರುತ್ತವೆ. ನಾನು ಕೆಸರಿನಲ್ಲಿ ತಂತಿ ಎಳೆಯುತ್ತ ಮುಂದೆ ಹಾದರೆ ಜಗಲಿಯವರು, "ಗಡಿಬಿಡಿ ಇಲ್ಲ, ನಿಧಾನಕ್ಕೆ ಮಾಡು ಮಾರಾಯ. ನಮ್ಗೆ ಇಲ್ಲೇ ಉಂಟಲ್ಲ" ಎನ್ನುತ್ತಾರೆ. ಬೈದಿದ್ದರೆ ಸಹಿಸುತ್ತಿದ್ದೆ!

ಒಂದು ಸಂಜೆ ಹೆಂಡತಿ ತವರಿನಿಂದ ಮೂಗೊರೆಸುತ್ತ ಬಂದಳು. ಏನಾಯಿತೆಂದು ಕೇಳಿದೆ.

"ಎಂತದೂ ಇಲ್ಲ. ಅಣ್ಣನ ಮನೇಲಿ ಫ್ಯಾನಿನ ಗಾಳಿ ಹೆಚ್ಚಾಗಿ ಥಂಡಿ ಆಯ್ತು."

ಲೈನ್‌ಮನ್ನನ ಮನೆಯಲ್ಲಿ ಆಗ ಮೇಣದಬತ್ತಿ ಉರಿಯುತ್ತಿತ್ತು.

ಮರುದಿನ ಬಾವನ ತಪ್ಪು ಹುಡುಕಲೆಂದೇ ಹೊರಟೆ. ಮನೆಯಲ್ಲಿ ಕರೆಂಟು ತಯಾರಿಸುವವರು ಅದನ್ನು ಹೇಗೆಂದರೆ ಹಾಗೆ ಜೋಡಿಸಿಬಿಡುತ್ತಾರೆ. ಆಗ ಅದು ಹಿಂದಕ್ಕೆ ಹರಿದು ನಮ್ಮ ಲೈನಿಗೆ ಬರುತ್ತದೆ. ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬದ ಮೇಲೆ ತಂತಿ ಮುಟ್ಟಿದವನ ಕತೆ ಮುಗಿದಂತೆ. ಆ ಒಂದು ತಪ್ಪು ಸಿಕ್ಕರೆ ಸಾಕು, ಯಂತ್ರವನ್ನೇ ಬಿಚ್ಚಿಸಬಹುದು. ಸಿಗಲಿ ದೇವರೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

"ಬಾವ, ಮೀಟರ್ ಬೋರ್ಡು ಸ್ವಲ್ಪ ನೋಡ್ಬೇಕಿತ್ತು" ಎಂದೆ.

"ನೋಡಾ ಬಾವ. ಚಾ ಕುಡ್ದು ನೋಡು." ಅವನಿಗೆ ನಾನೂ ಬಾವನೇ.

"ಚಾ ಬೇಡ" ಎಂದು ಬಿಗಿಯಾಗಿ ಹೇಳಿ ಬೋರ್ಡು ತೆರೆದೆ.

ನಮ್ಮ ಲೈನಿನ ತಂತಿ ಬೇರೆ, ಗಾಳಿಯಂತ್ರದ್ದು ಬೇರೆ. ಎಲ್ಲೂ ಒಂದಕ್ಕೊಂದು ತಾಗಿರಲಿಲ್ಲ. ನಡುವೆ ದೊಡ್ಡದೊಂದು ಸ್ವಿಚ್ಚು. ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ ಕಡಿಯುವಂಥದು. ನಾನೇ ಮಾಡಿದ್ದರೂ ಇಷ್ಟು ಅಚ್ಚುಕಟ್ಟಾಗುತ್ತಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಸ್ವಿಚ್ಚಿನ ಕೆಳಗೆ ಬೋಟಿಗೆ ಬಳಿಯುವ ಕೆಂಪು ಪೇಂಟಿನಲ್ಲಿ, ಅಂಕುಡೊಂಕು ಅಕ್ಷರದಲ್ಲಿ, ಮನೆಯವರಿಗೆಂದು ಬರೆದಿಟ್ಟಿದ್ದ:

"ಇದನ್ನ ಯಾರೂ ಬಿಚ್ಚಬಾರದು. ಕಂಬದ ಮೇಲೆ ಬಾವ ಇರ್ತಾನೆ."

ಬೋರ್ಡು ಮೆಲ್ಲಗೆ ಮುಚ್ಚಿದೆ.

"ಎಂತಾ, ತಪ್ಪು ಸಿಕ್ತಾ?" ಒಳಗಿನಿಂದ ಬಾವ ಕೇಳಿದ.

"ಇಲ್ಲ ಬಾವ" ಎಂದೆ. "ಚಾ ಕೊಡು."