ಮಣಿಕಟ್ಟಿನಿಂದ ನೆಲಕ್ಕೆ ಮೂವತ್ತೆರಡು ಇಂಚು

"ರೀ ಕರಿಬಸಪ್ಪನೋರೇ, ಗೊತ್ತಾಯ್ತಾ? ನಿಮ್ ಲೋಕೇಶ ಗಾಲ್ಫ್ ಸೆಟ್ ಮಾಡಿಸ್ತಿದ್ದಾನಂತೆ ಕಣ್ರೀ!"

ಮೇಲ್ಮನೆಯ ವಸಂತಮ್ಮ ಬಾಲ್ಕನಿಯಿಂದ ಅರ್ಧ ಮೈಯನ್ನು ಹೊರಗೆ ಚೆಲ್ಲಿ ಕೂಗಿದಾಗ ಕರಿಬಸಪ್ಪ ಕೆಳಗೆ ಸ್ಕೂಟರ್ ಒರೆಸುತ್ತಿದ್ದ. ಒರೆಸುವ ಬಟ್ಟೆ ಹಾರ್ನಿನ ಮೇಲೇ ನಿಂತುಬಿಟ್ಟಿತು.

"ಯಾವ ಲೋಕೇಶ?"

"ಇನ್ಯಾವ ಲೋಕೇಶ! ಬೇಗೂರಿನೋನು, ನಿಮ್ ಜೊತೆ ಕೆಲ್ಸ ಮಾಡೋನು, ತೆಂಗಿನ್ಮರದ ಥರ ಇದಾನಲ್ಲ. ನಮ್ ತಂಗಿ ಮಗ ಬಾಲಾಜಿ ವೈಟ್‌ಫೀಲ್ಡಲ್ಲಿ ಗಾಲ್ಫ್ ಅಂಗಡೀಲಿರೋದು. ರಾತ್ರಿ ಫೋನಲ್ಲಿ ಹೇಳ್ದ, ನಿಮ್ ಕೆಳಗಡೆ ಮನೆಯೋರ ಕಂಪ್ನಿಯಿಂದ ಲೋಕೇಶ್ ಅಂತ ಒಬ್ರು ಐರನ್ ಸೆಟ್ ಫಿಟ್ಟಿಂಗ್ ಮಾಡಿಸ್ತಿದಾರೆ ಅಂತ. ಐರನ್ ಅಂದ್ರೆ ಆ ಚೆಂಡು ಹೊಡಿಯೋ ಕಬ್ಬಿಣದ ಕೋಲಂತೆ. ನಿಮ್ ಎಂಡಿನೂ ಅದನ್ನೇ ಆಡೋದು, ಅಲ್ವಾ?"

ಆ 'ಅಲ್ವಾ' ಕೇಳಿದ್ದೇ ಕರಿಬಸಪ್ಪ ಬಟ್ಟೆಯನ್ನು ಸೀಟಿನ ಮೇಲೆ ಎಸೆದ.

ಎಲೆಕ್ಟ್ರಾನಿಕ್ ಸಿಟಿಯ ಆ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್ ಕುರ್ಚಿ ಖಾಲಿಯಾಗಿ ಮೂರು ವಾರವಾಗಿತ್ತು. ಸೋಮವಾರ ಹೊಸ ಹೆಸರು ಹೊರಬೀಳಬೇಕು. ಇದ್ದವರು ಇಬ್ಬರೇ: ಹದಿನಾಲ್ಕು ವರ್ಷದಿಂದ ಇನ್‌ಸ್ಪೆಕ್ಟರ್ ಆಗಿಯೇ ಇರುವ ದಾವಣಗೆರೆಯ ಕರಿಬಸಪ್ಪ, ಮೊನ್ನೆ ಮೊನ್ನೆ ಬಂದ ಲೋಕೇಶ. ಹಳೇ ಮ್ಯಾನೇಜರ್ ಹೆಸರಿನ ಫಲಕ ಕಿತ್ತ ಬಾಗಿಲಲ್ಲಿ ಎರಡು ತೂತು ಉಳಿದಿದ್ದವು. ಕರಿಬಸಪ್ಪ ದಿನಾ ಅವುಗಳ ಮುಂದೆ ನಿಂತು ತನ್ನ ಹೆಸರು ಅಷ್ಟು ಉದ್ದಕ್ಕೆ ಹಿಡಿಸುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದ.

"ಕೇಳಿದ್ಯೇನೇ?" ಎಂದು ಅವನು ಅಡುಗೆಮನೆಗೆ ನುಗ್ಗಿದ. "ಲೋಕೇಶ ಎಂಡಿ ಜೊತೆ ಗಾಲ್ಫ್ ಆಡಕ್ಕೆ ಹೊಂಟಾನೆ!"

ಹೆಂಡತಿ ಮಹಾಂತಮ್ಮ ರೊಟ್ಟಿಯಿಂದ ತಲೆ ಎತ್ತಲಿಲ್ಲ. "ಆಡ್ಲಿ ಬಿಡ್ರಿ. ನಿಮಗ್ಯಾಕೆ ಊರ ಉಸಾಬರಿ?"

"ಉಸಾಬರಿ ಅಲ್ಲ ಕಣೇ, ಪಿತೂರಿ!"

ಅನುಮಾನ ಕರಿಬಸಪ್ಪನಿಗೆ ಹೊಟ್ಟೆಪಾಡಿನ ವಿದ್ಯೆ. ದಿನಕ್ಕೆ ಎಂಟು ತಾಸು ಪ್ರತಿ ತುಂಡನ್ನೂ ಕಳ್ಳನೆಂದು ತಿಳಿದೇ ಅಳೆಯುವವನು. ಮನೆಯಲ್ಲೂ ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ತಾರೀಖು ಓದದೆ ಒಳಗೆ ಬಿಡುತ್ತಿರಲಿಲ್ಲ. ಆಫೀಸಿಗೆ ಫೋನು ಮಾಡಿ, ಹಲ್ಲುನೋವು, ಮಧ್ಯಾಹ್ನ ಬರುತ್ತೇನೆ ಎಂದ. ಕೈಚೀಲದಲ್ಲಿ ಅಳತೆ ಟೇಪು, ಕೋನಮಾಪಕ ಹಾಕಿಕೊಂಡು, ಗುರುತು ಸಿಗದಿರಲೆಂದು ಸ್ಕೂಟರ್ ಬಿಟ್ಟು ಬಸ್ಸು ಹತ್ತಿದ. ಸಿಲ್ಕ್ ಬೋರ್ಡಿನಲ್ಲಿ ನಿಂತು, ಮಾರತ್‌ಹಳ್ಳಿಯಲ್ಲಿ ಇನ್ನಷ್ಟು ನಿಂತು, ವೈಟ್‌ಫೀಲ್ಡ್ ತಲುಪುವಷ್ಟರಲ್ಲಿ ಸುಳ್ಳು ಹೇಳಿದ ಹಲ್ಲು ನಿಜವಾಗಿಯೂ ಜುಮ್ಮೆನ್ನುತ್ತಿತ್ತು.

ಅಂಗಡಿಯೊಳಗೆ ಮದುವೆಮನೆಯ ಹಾಗೆ ತಂಪು, ಬೆಳಕು. ಬಾಲಾಜಿ ನಗುತ್ತಾ ಬಂದ.

"ಹೆಸರು ಸಾರ್?"

"ಭೀಮಪ್ಪ," ಎಂದ ಕರಿಬಸಪ್ಪ, ಕಳ್ಳನ ಹಾಗೆ ಆಚೆ ಈಚೆ ನೋಡಿ.

"ಹೊಸದಾಗಿ ಕಲೀತಿದೀರಾ ಸಾರ್? ಹಂಗಾದ್ರೆ ಈ ಹಿಂದುಗಡೆ ಟೊಳ್ಳಿರೋ ಐರನ್ ತಗೊಳ್ಳಿ. ಚೆಂಡು ಮಧ್ಯಕ್ಕೆ ಬೀಳ್ದೇ ಇದ್ರೂ ಹೆಂಗೋ ಮುಂದಕ್ಕೆ ಹೋಗತ್ತೆ. ತಪ್ಪನ್ನ ಮನ್ನಿಸತ್ತೆ ಸಾರ್ ಇದು."

"ತಪ್ಪನ್ನ ಮನ್ನಿಸತ್ತಾ?" ಕರಿಬಸಪ್ಪನ ಹುಬ್ಬು ಮೇಲೇರಿತು. ತಪ್ಪು ಮನ್ನಿಸುವ ಮಾಲನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಚೀಲದಿಂದ ಟೇಪು ಹೊರಬಂತು. ಒಂದಾದ ಮೇಲೊಂದು ಏಳು ಕೋಲನ್ನೂ ಅಳೆದ. ಮುಖ ಕಪ್ಪಿಟ್ಟಿತು. "ಏನಯ್ಯಾ ಇದು? ಏಳು ಪೀಸು, ಏಳು ಉದ್ದ! ಒಂದಕ್ಕಿಂತ ಒಂದು ಅರ್ಧ ಇಂಚು ಗಿಡ್ಡ. ಮೂತಿ ಓರೆನೂ ಒಂದೊಂದ್ರದ್ದು ಒಂದೊಂದು ಥರ. ನಮ್ಮಲ್ಲಾಗಿದ್ರೆ ಪೂರ್ತಿ ಲಾಟ್ ವಾಪಸ್!"

"ಹಂಗೇ ಇರ್ಬೇಕು ಸಾರ್. ಉದ್ದಂದು ದೂರಕ್ಕೆ, ಗಿಡ್ಡಂದು ಹತ್ರಕ್ಕೆ."

"ಇದನ್ನೇ ಎಲ್ಲಾ ಸಪ್ಲೈಯರ್‌ಗಳೂ ಹೇಳೋದು."

ಬಾಲಾಜಿ ಕೋಪಿಸಿಕೊಳ್ಳಲಿಲ್ಲ. ಕರಿಬಸಪ್ಪನನ್ನು ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ, ಮಣಿಕಟ್ಟಿನಿಂದ ನೆಲದವರೆಗೆ ಅಳೆದ. "ಮೂವತ್ನಾಲ್ಕೂವರೆ. ಎತ್ತರ ಒಂದೇ ಸಾಲ್ದು ಸಾರ್. ಇಬ್ರು ಒಂದೇ ಎತ್ತರ ಇದ್ರೂ ಒಬ್ರ ಕೈ ಉದ್ದ ಇರತ್ತೆ, ಒಬ್ರದ್ದು ಗಿಡ್ಡ. ಇದೊಂದು ಅಳತೆ ಸಿಕ್ರೆ ಮನುಷ್ಯ ಸಿಕ್ದಂಗೆ." ಆಮೇಲೆ ಐರನ್ನಿನ ತಳಕ್ಕೆ ಪಟ್ಟಿ ಅಂಟಿಸಿ, ಹಲಗೆಯ ಮೇಲೆ ಚೆಂಡಿಟ್ಟು, "ಬೀಸಿ ಸಾರ್, ತಳ ಎಲ್ಲಿ ಉಜ್ಜತ್ತೆ ನೋಡೋಣ" ಎಂದ.

ಕರಿಬಸಪ್ಪ ಬೀಸಿದ. ಚೆಂಡು ಇದ್ದಲ್ಲೇ ಇತ್ತು, ಹಲಗೆ ಹಾರಿತು.

ಐದನೇ ಬೀಸಿಗೆ ಚೆಂಡು ಪರದೆಗೆ ಬಡಿಯಿತು. ಪಟ್ಟಿಯ ಮೇಲೆ ಮೂಡಿದ ಗೀರನ್ನು ನೋಡಿ ಬಾಲಾಜಿ ತಲೆಯಾಡಿಸಿದ. "ತುದೀಲಿ ಉಜ್ಜಿದೆ. ಎರಡು ಡಿಗ್ರಿ ಎತ್ಬೇಕು." ಹೀಗೆಂದವನೇ ಹೊಳೆಯುವ ಹೊಸ ಐರನ್ನನ್ನು ಯಂತ್ರಕ್ಕೆ ಬಿಗಿದು, ಕಬ್ಬಿನ ಜಲ್ಲೆಯ ಹಾಗೆ ಬಗ್ಗಿಸತೊಡಗಿದ.

ಕರಿಬಸಪ್ಪ ಕಣ್ಣು ಮುಚ್ಚಿಕೊಂಡ. ಅವನ ಕಾರ್ಖಾನೆಯಲ್ಲಿ ಕೂದಲೆಳೆ ಬಗ್ಗಿದ ತುಂಡು ಕೆಂಪು ಡಬ್ಬಿಗೆ ಹೋಗುತ್ತಿತ್ತು. ಇಲ್ಲಿ ನೆಟ್ಟಗಿದ್ದುದನ್ನು ಬಗ್ಗಿಸಿ ಮಾರುತ್ತಾರೆ! ಕಣ್ಣು ತೆರೆದಾಗ ಎದುರಿನ ಬೆಂಚಿನ ಮೇಲೆ ಇನ್ನೊಂದು ಸೆಟ್ ಕಂಡಿತು. ಅದಕ್ಕೊಂದು ಚೀಟಿ: 'ಲೋಕೇಶ್. ಮಣಿಕಟ್ಟಿನಿಂದ ನೆಲಕ್ಕೆ 32. ಇವತ್ತು ಸಂಜೆ ಡೆಲಿವರಿ.'

ಮೂವತ್ತೆರಡು? ಆರಡಿ ಲೋಕೇಶನ ಮಣಿಕಟ್ಟು ನೆಲದಿಂದ ಮೂವತ್ತೆರಡು ಇಂಚಿಗೆ ಬರಬೇಕಾದರೆ ಅವನು ಕೈಯನ್ನು ಬಕೆಟ್ಟಿನ ಹಾಗೆ ಹಗ್ಗ ಕಟ್ಟಿ ಇಳಿಸಬೇಕು. ಎಂಡಿಯಂತೂ ಬಾಗಿಲಿಗೆ ತಲೆ ತಗ್ಗಿಸಿ ಬರುವ ಮನುಷ್ಯ. ಅಂದರೆ ಇದು ಮೂರನೆಯವರಿಗೆ. ಯಾರೋ ಗಿಡ್ಡನಿಗೆ.

"ಈ ಲೋಕೇಶ್ ಅನ್ನೋರು ಯಾರಿಗೆ ಮಾಡಿಸ್ತಿರೋದು?"

ಬಾಲಾಜಿ ನಕ್ಕ. "ಹೇಳೋ ಹಂಗಿಲ್ಲ ಸಾರ್. ಸರ್ಪ್ರೈಸ್ ಅಂತೆ."

ಸರ್ಪ್ರೈಸ್! ಕರಿಬಸಪ್ಪನಿಗೆ ಎಲ್ಲ ಹೊಳೆಯಿತು. ಕುರ್ಚಿ ಯಾರಿಗೆಂದು ಎಂಡಿಯ ಕಿವಿಯಲ್ಲಿ ಊದುವ ಯಾರೋ ಗಿಡ್ಡನಿಗೆ ಲೋಕೇಶ ಕಬ್ಬಿಣದ ಲಂಚ ಕೊಡುತ್ತಿದ್ದಾನೆ. ಆ ಗಿಡ್ಡನನ್ನು ಹಿಡಿದುಕೊಟ್ಟರೆ ಕುರ್ಚಿ ತನ್ನದೇ. "ನಾಳೆ ಬಂದು ಫೈನಲ್ ಮಾಡ್ತೀನಿ" ಎಂದವನು ತನಗಾಗಿ ಬಗ್ಗಿದ ಐರನ್ನನ್ನು ಅಲ್ಲೇ ಬಿಟ್ಟು ಓಡಿದ.

ಕಾರ್ಖಾನೆಗೆ ಕಾಲಿಟ್ಟಾಗ ಒಂದೂವರೆ. ಮೊದಲ ಅನುಮಾನ ಎಚ್‌ಆರ್ ಸಿದ್ದಾರ್ಥನ ಮೇಲೆ. ಹುಡುಗ ಚಿಕ್ಕವನು, ಎತ್ತರದಲ್ಲೂ ಚಿಕ್ಕವನು.

"ಸ್ವಲ್ಪ ನಿಂತ್ಕೊಳ್ರಿ ಸಿದ್ದಾರ್ಥ್. ನಿಮ್ ಕುರ್ಚಿ ಎತ್ತರ ಸರಿ ಇಲ್ಲ, ಬೆನ್ನು ಹಾಳಾಗತ್ತೆ. ಕೈ ಕೆಳಗೆ ಬಿಡ್ರಿ."

"ಕುರ್ಚಿಗೆ ಕೈ ಯಾಕೆ ಸಾರ್?"

"ಕೈ ಇಲ್ದೇ ಟೈಪ್ ಮಾಡ್ತೀರೇನು?"

ಮೂವತ್ಮೂರೂ ಮುಕ್ಕಾಲು. ಅಲ್ಲ. ಎರಡನೆಯವನು ಯೂನಿಯನ್ ಲೀಡರ್ ಚಿನ್ನಪ್ಪ. ಬೇಗೂರಿನವನೇ, ಲೋಕೇಶನ ನೆಂಟನೂ ಇರಬಹುದು. ಅವನು ಸ್ಟೋರಿನ ಮುಂದೆ ಬೀಡಿ ಮುಗಿಸುತ್ತಿದ್ದ.

"ಏನಣ್ಣೋ ಇದು, ಟೈಲರ್ ಕೆಲ್ಸ ಯಾವಾಗ್ಲಿಂದ?" ಎಂದು ಚಿನ್ನಪ್ಪ ಕಾಲಿನ ಬುಡದಲ್ಲಿ ಕೂತ ಕರಿಬಸಪ್ಪನನ್ನು ಬಗ್ಗಿ ನೋಡಿದ.

"ಸೇಫ್ಟಿ ಲೆಕ್ಕಕ್ಕೆ ಚಿನ್ನಪ್ಪ. ಅಲ್ಲಾಡ್ಬೇಡ."

"ಸೇಫ್ಟಿಗೆ ತಲೆ ಅಳೀತಾರೆ, ಕಾಲು ಅಳೀತಾರೆ. ಕೈಯಿಂದ ನೆಲಕ್ಕೆ ಯಾಕಣ್ಣೋ ಇಂಗೆ ಅಳೀತೀಯ?"

ಕರಿಬಸಪ್ಪ ಟೇಪಿಗೆ ಕಣ್ಣು ಕೀಲಿಸಿದ. ಮೂವತ್ಮೂರು. ಹತ್ತಿರ ಬಂತು, ಸಿಗಲಿಲ್ಲ. ಕರಿಬಸಪ್ಪನಿಗೆ ಹುಚ್ಚು ಹತ್ತಿತು. ಕ್ಯಾಂಟೀನಿನ ಸಾಲಿಗೆ ಹೋದ. ಗಿಡ್ಡಗಿದ್ದವರನ್ನೆಲ್ಲ ಆರಿಸಿ, ಕೈಯಲ್ಲಿದ್ದ ತಟ್ಟೆ ಕೆಳಗಿಡಿಸಿ, ಒಬ್ಬೊಬ್ಬರನ್ನೇ ಅಳೆದು ಪುಸ್ತಕದಲ್ಲಿ ಬರೆದುಕೊಂಡ. ಭದ್ರತಾ ಕಾವಲುಗಾರನನ್ನು ಅಳೆದ. ಕಾಫಿ ಯಂತ್ರ ರಿಪೇರಿಗೆ ಬಂದವನನ್ನೂ ಬಿಡಲಿಲ್ಲ. ಮೂವತ್ತೆರಡು ಎಲ್ಲೂ ಇಲ್ಲ. ಹಿಂದಿನಿಂದ ಗುಸುಗುಸು ಮಾತ್ರ ಏರುತ್ತಾ ಹೋಯಿತು, ಕುಕ್ಕರಿನ ಆವಿಯ ಹಾಗೆ.

ಆ ಆವಿ ಮೂರು ಗಂಟೆಗೆ ಸೀಟಿ ಹೊಡೆಯಿತು. ಚಿನ್ನಪ್ಪ ಖಾಲಿ ಡ್ರಮ್ಮಿನ ಮೇಲೆ ಹತ್ತಿ ನಿಂತಿದ್ದ.

"ಯಾಕೆ ಅಳೆದ್ರು ಗೊತ್ತೇನ್ರಪ್ಪಾ? ನಮ್ಮೆಲ್ರ ಕೈ ಅಳತೆಗೂ ಒಂದೊಂದು ರೋಬೋ ಮಾಡುಸ್ತಾರೆ! ಪಕ್ಕದ ಫ್ಯಾಕ್ಟ್ರೀಲಿ ಓದ್ತಿಂಗ್ಳು ಇಂಗೇ ಆಯ್ತು. ಮೊದ್ಲು ಅಳತೆ, ಆಮ್ಯಾಕೆ ಮಿಷನ್ನು, ಆಮ್ಯಾಕೆ ನಾವು ರೋಡು!"

"ಅಳತೆ ವಾಪಸ್ ಕೊಡಿ!" ಎಂದು ಯಾರೋ ಕೂಗಿದರು. ಎಲ್ಲರೂ ಅದನ್ನೇ ಕೂಗಿದರು. ಲೇತುಗಳು ಒಂದೊಂದಾಗಿ ನಿಂತವು.

ಕರಿಬಸಪ್ಪ ಅಳತೆಯ ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು ಹಿಂಬಾಗಿಲಿನಿಂದ ಜಾರಿದ.

ಅಲ್ಲಿ ಇಲ್ಲಿ ತಲೆಮರೆಸಿಕೊಂಡು ಸಿಂಗಸಂದ್ರದ ಮನೆ ತಲುಪಿದಾಗ ಆರು ಗಂಟೆ ದಾಟಿತ್ತು, ಇನ್ನೂ ಬೆಳಕಿತ್ತು. ಮೆಟ್ಟಿಲ ಬಳಿ ವಸಂತಮ್ಮ ಕಾದಿದ್ದರು. "ನಿಮ್ ಮನೇಲಿ ಲೋಕೇಶ ಬಂದು ಕೂತವ್ನೆ ಕಣ್ರೀ! ಉದ್ದದ್ದೊಂದು ಚೀಲ ಬೇರೆ ತಂದಿದ್ದಾನೆ. ನಂಗೇನೋ ಸರಿ ಕಾಣ್ಲಿಲ್ಲಪ್ಪ."

ಕರಿಬಸಪ್ಪ ಬಾಗಿಲನ್ನು ಒದ್ದೇ ತೆಗೆದ.

ಲೋಕೇಶ ಸೋಫಾದಲ್ಲಿ ಮಂಡಿ ಕಿವಿಗೆ ತಾಗುವಂತೆ ಕೂತು ಕಾಫಿ ಕುಡಿಯುತ್ತಿದ್ದ. ನಡುಮನೆಯಲ್ಲಿ ಮಹಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ತುಸು ಬಗ್ಗಿಸಿ, ಎರಡೂ ಕೈಯಲ್ಲಿ ಏಳನೇ ನಂಬರ್ ಐರನ್ ಹಿಡಿದು ನಿಂತಿದ್ದಳು. ಸುಂಯ್ ಎಂದು ಬೀಸಿದಳು. ಗೋಡೆಯ ಕ್ಯಾಲೆಂಡರಿನಿಂದ ಎರಡು ತಿಂಗಳು ಹಾರಿಹೋದವು.

"ಹಿಡಿ ಸರಿಯಾಗಿ ಕೂತೈತೆ ಕಣಪ್ಪ ಲೋಕೇಶ," ಎಂದಳು.

ಕರಿಬಸಪ್ಪ ಚೀಲದಿಂದ ಟೇಪು ತೆಗೆದು, ಹೆಂಡತಿಯ ಕೈ ಇಳಿಬಿಡಿಸಿ, ನೆಲಕ್ಕೆ ಕೂತು ಅಳೆದ. ಮೂವತ್ತೆರಡು. ಎಳ್ಳಷ್ಟೂ ಆಚೆ ಈಚೆ ಇಲ್ಲ. ಊರನ್ನೆಲ್ಲ ಅಳೆದವನು ಮನೆಯನ್ನು ಅಳೆದಿರಲಿಲ್ಲ.

"ನೀನಾ?"

"ಹೂಂರಿ. ಫ್ಯಾಮಿಲಿ ಡೇ ದಿನ ನಾನು ಚಿನ್ನಿದಾಂಡು ಆಡಿದ್ದು ನೆನಪೈತಾ? ಚಿನ್ನಿ ಕಾಂಪೌಂಡ್ ದಾಟ್ತಲ್ಲ. ಎಂಡಿ ಸಾಹೇಬ್ರ ಹೆಂಡ್ತಿ ಮೇಡಂ ನೋಡಿ, 'ನೀವು ನನ್ ಜೊತೆ ಗಾಲ್ಫಿಗೆ ಬನ್ನಿ' ಅಂದ್ರು. ಹಳೇ ಮ್ಯಾನೇಜರ್ ಬಿಡ್ತಾರೆ ಅಂತ ಗೊತ್ತಿತ್ತಲ್ಲ, ಮೂರು ತಿಂಗ್ಳಿಂದ ಬುಧವಾರ ಬುಧವಾರ ಹೋಗ್ತೀನಿ. ಎರವಲು ಕೋಲಲ್ಲಿ ಎಷ್ಟು ದಿನ ಅಂತ ಅವ್ರೇ ಅಳತೆ ಕೊಡಿಸಿ, ನಿಮಗೆ ಗೊತ್ತಾಗ್ಬಾರ್ದು ಅಂತ ಲೋಕೇಶನ ಹೆಸ್ರಲ್ಲಿ ಸೆಟ್ ಮಾಡಿಸಿದ್ರು. ತಂದ್ಕೊಡು ಅಂತ ಲೋಕೇಶನಿಗೆ ಹೇಳಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅನುಮಾನ ಪಡ್ತಿದ್ರಿ. ಕುರ್ಚಿ ನಿಮ್ಮ ಕೈಗೆ ಬಂದ್ಮ್ಯಾಲೆ ಹೇಳೋಣ ಅಂದ್ಕೊಂಡಿದ್ದೆ. ಅದಕ್ಕೇ ತಾನೆ ಆ ಬಿಸಿಲಲ್ಲಿ ಮೇಡಂ ಹಿಂದೆ ಓಡಾಡಿದ್ದು?"

ಲೋಕೇಶ ಗಂಟಲು ಸರಿಮಾಡಿಕೊಂಡ. "ಬಂದಿತ್ತು ಸಾರ್. ಎರಡು ಗಂಟೆಗೆ ನಿಮ್ ಹೆಸರಿಗೆ ಲೆಟರ್ ಸೈನ್ ಆಗಿತ್ತು, ನಾನೇ ನೋಡ್ದೆ. ನಂಗಂತೂ ಆ ಕುರ್ಚಿ ಬೇಡ್ವೇ ಬೇಡ ಅಂದಿದ್ದೆ. ಆ ಮೇಜಿನ ಕೆಳಗೆ ನನ್ ಕಾಲು ಹಿಡಿಯಲ್ಲ. ಆದ್ರೆ ಮೂರು ಗಂಟೆಗೆ ಆ ರೋಬೋ ಗಲಾಟೆ ಆಯ್ತು ನೋಡಿ..."

ಅಷ್ಟರಲ್ಲಿ ಮಹಾಂತಮ್ಮನ ಫೋನು ಬಡಿದುಕೊಂಡಿತು. "ಮೇಡಂ!" ಎಂದು ಅವಳು ಐರನ್ನನ್ನು ಗಂಡನ ಕೈಗಿತ್ತು ಕಿಟಕಿಗೆ ಹೋದಳು. "ಹೂಂ ಮೇಡಂ... ಅಯ್ಯೋ... ಹೌದಾ... ಆಯ್ತು, ಕಳಿಸ್ತೀನಿ ಮೇಡಂ."

"ಏನಂತೆ?" ಎಂದ ಕರಿಬಸಪ್ಪ.

"ಸ್ಟ್ರೈಕ್ ಇಲ್ಲವಂತೆ."

"ಅಬ್ಬಾ! ಹಂಗಾದ್ರೆ ಕುರ್ಚಿ?"

"ಲೋಕೇಶನಿಗಂತೆ."

ಲೋಕೇಶನ ಕಾಫಿ ಮೂಗಿಗೆ ಹತ್ತಿತು.

"ಅಳತೆ ತಗೊಂಡಿದ್ದು ರೋಬೋಕ್ಕಲ್ಲ, ಕೆಲ್ಸದೋರಿಗೆಲ್ಲ ಗಾಲ್ಫ್ ಕಲಿಸಕ್ಕೆ ಅಂತ ಎಂಡಿ ಸಾಹೇಬ್ರು ಬಾಯಿಗೆ ಬಂದಿದ್ದು ಹೇಳಿ ಪಾರಾದ್ರಂತೆ. ಚಿನ್ನಪ್ಪನೋರು ಬಿಡ್ತಾರಾ? ಹಂಗಾದ್ರೆ ಬರ್ದು ಕೊಡಿ ಅಂತ ಬರೆಸ್ಕೊಂಡ್ರಂತೆ. ಅದರ ಉಸ್ತುವಾರಿ ನಿಮಗೆ. ಇನ್ಮ್ಯಾಲೆ ನಿಮ್ ಕೆಲ್ಸ ಅದೇ ಅಂತೆ."

ಕರಿಬಸಪ್ಪ ಐರನ್ ಊರಿಕೊಂಡು ಮೆಲ್ಲಗೆ ಸೋಫಾಕ್ಕೆ ಇಳಿದ. "ಯಾವಾಗಿಂದ?"

"ನಾಳೆ ಬೆಳಿಗ್ಗೆ ಆರೂವರೆಗೆ, ಫ್ಯಾಕ್ಟ್ರಿ ಗೇಟಿನ ಹತ್ರ. ಭಾನುವಾರ ಆದ್ರೂ ಎಲ್ರೂ ಬರ್ತಾರಂತೆ. ಇನ್ನೂ ನೂರಾ ಎಂಬತ್ತು ಜನರ ಅಳತೆ ಬಾಕಿ ಐತಂತೆ. ಚಿನ್ನಪ್ಪನೋರದ್ದು ಮಾತ್ರ ಮೊದಲಿಂದ ತಗೋಬೇಕಂತ್ರಿ. ಇವತ್ತು ಬೂಟು ಹಾಕ್ಕೊಂಡಿದ್ರಂತೆ."