ಜಗುಲಿ ಗೋಡೆಯ ಫಿರಂಗಿ ಏಟು

ಎಲ್ಲದಕ್ಕೂ ಮೂಲ ಜಗುಲಿ ಗೋಡೆಯಲ್ಲಿದ್ದ ಒಂದು ಗುಳಿ.

ಹಳೆಯ ಯುದ್ಧಭೂಮಿಯ ಗೈಡನಿಗೆ ಬಾಯಿಯೇ ಬಂಡವಾಳ. ಬಿಳಿಯರ ಸೈನ್ಯ ಎಲ್ಲಿ ನಿಂತಿತ್ತು, ಸೇನಾಪತಿ ಎಲ್ಲಿ ಬಿದ್ದ ಎಂದೆಲ್ಲ ತೋರಿಸಿ, ಕೊನೆಗೆ ಬಯಲಿನಂಚಿನ ತನ್ನ ಮನೆಗೇ ಪ್ರವಾಸಿಗರನ್ನು ಕರೆತರುತ್ತಿದ್ದ. “ಫಿರಂಗಿ ಗುಂಡು ಬಡಿದ ಗುರುತು ಸ್ವಾಮಿ” ಎಂದರೆ ಅವರು ಗುಳಿ ಮುಟ್ಟಿ ಲೊಚಗುಟ್ಟುತ್ತಿದ್ದರು. ನಿಜಕ್ಕೂ ಅದು ಹೆಂಡತಿ ಎಸೆದ ಹಿತ್ತಾಳೆ ಕುಟ್ಟಾಣಿಯ ಗುರುತು. ಅವನು ತಲೆ ಬಗ್ಗಿಸಿದ್ದ. ಗೋಡೆಗೆ ಆ ಬುದ್ಧಿ ಇರಲಿಲ್ಲ.

ಈಗ ಮನೆ ಸೋರುತ್ತಿತ್ತು. “ಸೂರು ಹೊಸದಾಗ್ಲಿಲ್ಲ ಅಂದ್ರೆ ನಾನು ತವರಿಗೆ ಹೋಗ್ತೀನಿ, ಕರೆಯೋಕೂ ಬರ್ಬೇಡಿ” ಎಂದು ಹೆಂಡತಿ ಹೇಳಿಬಿಟ್ಟಿದ್ದಳು. ಆದರೆ ಯುದ್ಧಭೂಮಿಯ ಎಲ್ಲೆಯೊಳಗೆ ಚಾರಿತ್ರಿಕವಾದದ್ದೇನನ್ನೂ ಮುಟ್ಟುವಂತಿಲ್ಲ. ಈ ಮನೆಗೆ ಚರಿತ್ರೆಯೇ ಇಲ್ಲವೆಂದು ಪುರಾತತ್ವ ಇಲಾಖೆಯ ಸಾಹೇಬರು ಒಪ್ಪಬೇಕಿತ್ತು.

ಸಾಹೇಬರು ಬೆಳಿಗ್ಗೆಯೇ ಬಂದರು. ಗೈಡ್ ಗುಳಿಗೆ ಬೆನ್ನು ಕೊಟ್ಟು ನಿಂತ.

“ನಮ್ಮಪ್ಪ ಕಟ್ಟಿಸಿದ್ದು ಸಾರ್. ಚರಿತ್ರೆ ಈ ಕಡೆ ತಲೆನೂ ಹಾಕಿಲ್ಲ.”

ಅಷ್ಟರಲ್ಲಿ ಎದುರು ಅಂಗಡಿಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದ. ಕರೆದವರು ಯಾರೂ ಇಲ್ಲ.

“ಏನಣ್ಣ, ಸಾಹೇಬ್ರಿಗೆ ಫಿರಂಗಿ ಗುರುತು ತೋರಿಸ್ಲಿಲ್ವಾ? ಊರಿಗೆಲ್ಲ ತೋರಿಸ್ತೀಯ, ಇವ್ರೇನು ಪಾಪ ಮಾಡಿದ್ರು?”

ಗೈಡ್ ಕಣ್ಸನ್ನೆ ಮಾಡಿದ.

“ಕಣ್ಣಿಗೇನಾಯ್ತಣ್ಣ?” ಎಂದು ಟೈಲರ್ ಅವನನ್ನು ಪಕ್ಕಕ್ಕೆ ಸರಿಸಿ ಗುಳಿಗೆ ಟೇಪು ಹಿಡಿದ.

ಸಾಹೇಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಇಂಥ ಗುರುತು ಇನ್ನೆಲ್ಲೂ ಉಳಿದಿಲ್ಲ ಕಣ್ರೀ. ಈ ಮನೆಯ ಒಂದು ಹೆಂಚೂ ಅಲುಗಾಡಬಾರದು.”

ಮಾನ ಹೋದರೂ ಸರಿ, ಹೆಂಡತಿ ಹೋಗಬಾರದು ಎಂದುಕೊಂಡು, ಬೇರೆ ದಾರಿ ಕಾಣದೆ ಗೈಡ್ ಸತ್ಯ ಹೇಳಿದ.

“ಸಾರ್, ಅದು ಫಿರಂಗಿ ಅಲ್ಲ. ನನ್ನ ಹೆಂಡ್ತಿ ಕುಟ್ಟಾಣಿ ಎಸೆದದ್ದು. ನನ್ನ ಮೇಲೆ.”

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅಷ್ಟು ಹೊತ್ತಿಗೆ ಬೀದಿಯೇ ನೆರೆದಿತ್ತು.

“ಹೌದೇನಮ್ಮಾ?” ಎಂದರು ಸಾಹೇಬರು.

ಸೂರು ಒಂದು ಕಡೆ, ಮರ್ಯಾದೆ ಒಂದು ಕಡೆ. ಅವಳು ತಲೆ ತಗ್ಗಿಸಿದಳು.

“ನಾನಾ? ಗಂಡನ ಮೇಲಾ? ಗಟ್ಟಿಯಾಗಿ ಒಂದು ಮಾತೂ ಆಡಿದವಳಲ್ಲ ಸಾರ್.”

“ಅತ್ತಿಗೆ ಹಸುವಿನಂಥೋರು” ಎಂದು ಟೈಲರ್ ಸಾಕ್ಷಿ ನುಡಿದ.

ಸಾಹೇಬರು ‘ರಕ್ಷಿತ ಸ್ಮಾರಕ’ ಎಂದು ಫಲಕ ಹೊಡೆಸಿಯೇ ಹೊರಟರು. ಬೀದಿ ಖಾಲಿಯಾಯಿತು. “ಊರ ಮುಂದೆ ನನ್ನ ಮಾನ ಕಳೆದ್ರಲ್ಲ” ಎನ್ನುತ್ತ ಹೆಂಡತಿ ಒಳಗೆ ಹೋಗಿ, ಕೈಯಲ್ಲಿ ಕುಟ್ಟಾಣಿ ಹಿಡಿದು ಜಗುಲಿಗೆ ಬಂದಳು. ಅವನು ಈ ಸಲವೂ ತಲೆ ಬಗ್ಗಿಸಿದ.

ಮರುದಿನ ಗೈಡ್ ಪ್ರವಾಸಿಗರಿಗೆ ಗೋಡೆ ತೋರಿಸುತ್ತ ನಿಂತಿದ್ದ. ಸೂರಿನಿಂದ ಅವನ ನೆತ್ತಿಯ ಮೇಲೆ ಹನಿ ಬೀಳುತ್ತಿತ್ತು.

“ಎರಡು ಗುಂಡು ಬಿತ್ತು ಸ್ವಾಮಿ.”

“ಕೊನೆಗೆ ಗೆದ್ದೋರು ಯಾರು?” ಎಂದು ಒಬ್ಬರು ಕೇಳಿದರು.

“ಗೆದ್ದೋರು ಬೆಳಿಗ್ಗೆ ಮೊದಲನೇ ಬಸ್ಸಿಗೆ ತವರಿಗೆ ಹೋದ್ರು ಸ್ವಾಮಿ.”