ಯಜಮಾನರ ಸರದಿ ಬೇಗ ಬಂದದ್ದು

ಏಳು ಜನ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟುಗಳು ಸೇರಿ ತಮ್ಮ ಯಜಮಾನರ ಹೆಣವನ್ನು ಚಿತಾಗಾರಕ್ಕೆ ತಂದರು. ಯಜಮಾನರ ಹೆಂಡತಿ ಕೇಳಿಕೊಂಡದ್ದು ಒಂದೇ ಮಾತು: "ನಾನು ಬರೋವರೆಗೆ ಕಾಯ್ತಿರಿ. ಬಾಯಿಗೆ ಅಕ್ಕಿ ನಾನೇ ಹಾಕ್ಬೇಕು." ಮುಂದೆ ಏನಾಯಿತು, ಊಹಿಸಿ ನೋಡೋಣ.

ಊಹೆಗೆ ಸಿಗೋದಿಲ್ಲ ಬಿಡಿ. ನಮ್ಮ ಕಸುಬಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅದರಲ್ಲೇ ತಲೆ ನರೆಸಿಕೊಂಡು ಈಗ ರಿಟೈರಾಗಿ ಆರಾಮಾಗಿದ್ದೀನಿ; ಕೇಳೋಕೆ ಯಾರಾದರೂ ಸಿಕ್ಕರೆ ಬಿಡೋನಲ್ಲ. ಮೊದಲಿನಿಂದ ಹೇಳ್ತೀನಿ, ಕೂತ್ಕೊಳ್ಳಿ.

೧. ಹನ್ನೊಂದು ಪುಟ

ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು. ಕಾರ್ಖಾನೆ ಮುಚ್ಚಿತು, ಅಷ್ಟೂ ಜನ ಬೀದಿಗೆ ಬಿದ್ದರು. ಕೊನೇ ದಿನ ಇವರು ಮಾಲೀಕರ ಕೋಣೆಗೆ ಹೋಗಿ, "ಇದು ಯಾಕೆ ಮುಳುಗಿತು ಅಂತ ನನಗೆ ಗೊತ್ತು ಸಾರ್" ಅಂದರು. "ಬರೆದುಕೊಡು" ಅಂದರು ಮಾಲೀಕರು. ಹನ್ನೊಂದು ಪುಟ ಬರೆದರು. ಮಾಲೀಕರು ಓದಿ ತಲೆ ಮೇಲೆ ಕೈ ಹೊತ್ತುಕೊಂಡರು.

"ಇದನ್ನ ಮೊದಲೇ ಹೇಳಬಾರದಿತ್ತೇನಯ್ಯಾ?"

"ವಾರಾವಾರ ಹೇಳ್ತಿದ್ದೆ ಸಾರ್. ಆಗ ನಾನು ನಿಮ್ಮ ಕೆಲಸದವನು. ಈಗ ಹೊರಗಿನವನು, ಅದಕ್ಕೇ ಕಿವಿಗೆ ಬಿತ್ತು."

ಆ ಒಂದು ಮಾತಿನ ಮೇಲೆ ನಮ್ಮ ಸಂಸ್ಥೆ ಎದ್ದಿತು. ಪೀಣ್ಯ ಎರಡನೇ ಹಂತದಲ್ಲಿ, ಲೇತ್ ಅಂಗಡಿಯ ಮೇಲೊಂದು ರೂಮು. ಯಜಮಾನರು, ಎಂಜಿನಿಯರಿಂಗ್ ಕಾಲೇಜು ಬಿಟ್ಟು ಬಂದ ಒಬ್ಬರು ಮೇಷ್ಟ್ರು, ಮೂರನೆಯವನು ನಾನು. ಮೊದಲ ಗಿರಾಕಿ ಯಾರು ಗೊತ್ತಾ? ಅದೇ ಮಾಲೀಕರು. ಮುಚ್ಚಿದ್ದನ್ನು ಬಿಟ್ಟು ಇನ್ನೊಂದು ಕಾರ್ಖಾನೆ ತೆಗೆದಿದ್ದರು. ಅದನ್ನೂ ಮುಚ್ಚಿದರು ಅನ್ನಿ, ಆದರೆ ಈ ಸಲ ಯಾಕೆ ಅಂತ ಗೊತ್ತಿದ್ದು ಮುಚ್ಚಿದರು.

೨. ಊಟದ ಡಬ್ಬಿ

ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್. ಒಂದು ಕಾಲರ್ ಹೊಲಿಯೋಕೆ ಎಷ್ಟು ಸೆಕೆಂಡು ಹಿಡಿಯುತ್ತೆ ಅಂತ ನಾವು ಅಳೆದು ಕೊಡಬೇಕಿತ್ತು. ಕಡಿಮೆ ಬಂದಷ್ಟೂ ಟಾರ್ಗೆಟ್ ಏರುತ್ತೆ, ಟಾರ್ಗೆಟ್ ಮುಟ್ಟದವರು ಮನೆಗೆ. ಇದು ಅಲ್ಲಿನ ಹೆಣ್ಣುಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಕೈಯಲ್ಲಿ ಗಡಿಯಾರ ಕಂಡರೆ ಸಾಕು, ಹೊಲಿಗೆ ಬಸವನಹುಳು ಆಗಿಬಿಡೋದು.

ಮೇಷ್ಟ್ರು ಒಂದು ಉಪಾಯ ಹೂಡಿದರು. ತಮ್ಮ ಹಳೇ ಕೀಲಿ ಕೊಡೋ ಗಡಿಯಾರವನ್ನು ಊಟದ ಡಬ್ಬಿಯಲ್ಲಿಟ್ಟು, ಮುಚ್ಚಳ ಸ್ವಲ್ಪ ಸರಿಸಿ, ಡಬ್ಬಿ ತೊಡೆ ಮೇಲಿಟ್ಟುಕೊಂಡು ಕೂತರು. ಚೆನ್ನಾಗೇ ನಡೀತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ನೂರಾರು ಮಷೀನು ಒಟ್ಟಿಗೆ ನಿಂತ ಆ ಮೌನದಲ್ಲಿ ಒಬ್ಬಾಕೆ ಕೇಳಿದಳು:

"ಸಾರ್, ನಿಮ್ಮ ಡಬ್ಬಿ ಟಿಕ್ ಟಿಕ್ ಅಂತಿದೆ?"

ಮೇಷ್ಟ್ರು ಬಾಯಿ ತೆರೆಯೋ ಮೊದಲೇ ಇನ್ಯಾರೋ "ಬಾಂಬು ಕಣ್ರೇ!" ಅಂದಾಯಿತು. ಇಡೀ ಮಹಡಿ ಮೆಟ್ಟಿಲಿಳಿದು ರಸ್ತೆಗೆ ಬಿತ್ತು. ಇಬ್ಬರ ಕಾಲು ಉಳುಕಿತು, ಪೊಲೀಸರು ಬಂದರು. ಅವತ್ತು ಒಂದು ಕಾಲರೂ ಆಗಲಿಲ್ಲ. ಮಾಲೀಕರು ಕೆಂಡವಾಗಿ ಯಜಮಾನರ ಎದುರು ನಿಂತಿದ್ದರೆ, ಮೇಷ್ಟ್ರು ಹಿಂದಿನಿಂದ ಬಂದು ಡಬ್ಬಿ ತೋರಿಸಿ, "ಇಡೀ ಮಹಡಿ ಖಾಲಿಯಾಗೋಕೆ ತೊಂಬತ್ತೇ ಸೆಕೆಂಡು ಸಾರ್. ಇವರ ಕೈಲಿ ಆಗಲ್ಲ ಅಂತ ಯಾರು ಹೇಳಿದ್ದು?" ಅಂದರು.

೩. ಕಟ್ಟಡದ ಯಜಮಾನ

ಹೆಸರು ಬಂತು, ಜನ ಹೆಚ್ಚಿದರು, ಆಫೀಸು ಪಟ್ಟಂದೂರು ಅಗ್ರಹಾರಕ್ಕೆ ಹೋಯಿತು. ಕಟ್ಟಡದ ಓನರ್ ಅದೇ ಜಾಗದಲ್ಲಿ ರಾಗಿ ಬೆಳೀತಿದ್ದ ಗೌಡರು. ಒಂದು ದಿನ ಬಂದು ಕೂತು ಕೇಳಿದರು:

"ಅಲ್ಲಾ ಸಾಮಿ, ನೀವು ಮಾಡೋದಾದ್ರೂ ಏನು?"

"ಬೇರೆಯವರ ಕಂಪನಿಗೆ ಹೋಗಿ, ಅವರು ಎಲ್ಲಿ ತಪ್ಪು ಮಾಡ್ತಿದ್ದಾರೆ ಅಂತ ಹೇಳ್ತೀವಿ" ಅಂದರು ಯಜಮಾನರು.

ಗೌಡರು ತಲೆದೂಗಿದರು. "ನಮ್ಮಪ್ಪನೂ ಇಂಗೇ ಮನೆಮನೆಗೆ ಓಗಿ ಏಳೋನು. ಊರೋರು ಸೇರ್ಕೊಂಡು ಕೈ ಮುರಿದ್ರು."

೪. ಮೌನ

ಇನ್ನು ಯಜಮಾನರು ಹೋದದ್ದು. ಅವರದೊಂದು ಪದ್ಧತಿ ಇತ್ತು. ವರದಿ ಓದುವಾಗ, ಎಷ್ಟು ಜನರನ್ನು ತೆಗೆಯಬೇಕು ಅನ್ನೋ ಸಂಖ್ಯೆಗೆ ಬಂದಾಗ, ಓದೋದು ನಿಲ್ಲಿಸಿ ಕಣ್ಣು ಮುಚ್ಚಿ ಸುಮ್ಮನೆ ಕೂರೋರು. "ಆ ಮೌನದಲ್ಲಿ ಮಾಲೀಕನ ಎದೆ ಹದಕ್ಕೆ ಬರುತ್ತೆ ಕಣೋ. ಆಮೇಲೆ ಏನು ಹೇಳಿದ್ರೂ ಒಪ್ತಾನೆ" ಅಂತ ನನಗೂ ಕಲಿಸಿದ್ದರು.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯ ಮೀಟಿಂಗು. "ಆದ್ದರಿಂದ ಈ ಘಟಕದಲ್ಲಿ ಹೆಚ್ಚುವರಿಯಾಗಿ ಇರುವವರ ಸಂಖ್ಯೆ..." ಅಂದರು. ಕಣ್ಣು ಮುಚ್ಚಿದರು. ಒಂದು ನಿಮಿಷವಾಯಿತು. ಮಾಲೀಕರು ಬೆವರಿದರು. ಎರಡು ನಿಮಿಷ. ಪಕ್ಕದಲ್ಲಿದ್ದ ನಾನು, ಇವತ್ತು ಸಂಖ್ಯೆ ದೊಡ್ಡದೇ ಇರಬೇಕು ಅಂದುಕೊಂಡೆ. ಮೂರನೇ ನಿಮಿಷಕ್ಕೆ ತಲೆ ಮೇಜಿಗೆ ತಾಗಿದಾಗಲೇ ಗೊತ್ತಾದದ್ದು.

ಸಂಖ್ಯೆ ಅವರ ತಲೆಯಲ್ಲೇ ಇತ್ತು, ಕಾಗದದಲ್ಲಿರಲಿಲ್ಲ. ಆ ಕಾರ್ಖಾನೆಯಲ್ಲಿ ಇವತ್ತಿಗೂ ಒಬ್ಬರನ್ನೂ ತೆಗೆದಿಲ್ಲ. ಅವರ ಜೀವನದ ಅತ್ಯುತ್ತಮ ವರದಿ ಅದೇ ಅಂತ ಅಲ್ಲಿನ ಕೆಲಸಗಾರರು ಹಾರ ತಂದಿದ್ದರು.

೫. ಐದನೇ ನಂಬರು

ಮಾರನೇ ದಿನ ಮಾಕಳಿಯ ಅವರ ಮನೆಯಿಂದ ಹೊರಟೆವು. ಅವರಿಗೆ ಮಕ್ಕಳಿಲ್ಲ. ಯಜಮಾನರ ಅಕ್ಕ, ಎಂಬತ್ತು ದಾಟಿದವರು, ಇನ್ನೂ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿದ್ದರು. "ನೀವು ಮುಂದೆ ಹೋಗಿ. ಅವರನ್ನ ಕರ್ಕೊಂಡು ಬರ್ತೀನಿ" ಅಂದರು ಮೇಡಂ. ಆಗಲೇ ಆ ಅಕ್ಕಿ ಮಾತು ಹೇಳಿದ್ದು.

ಪೀಣ್ಯದ ಚಿತಾಗಾರದಲ್ಲಿ ಯಾದಗಿರಿ ಕಡೆಯ ಒಬ್ಬಾತ ಒಲೆ ನೋಡಿಕೊಳ್ಳುತ್ತಿದ್ದ. "ನಿಮ್ಮದು ಐದನೇ ನಂಬರ್ರಿ ಸರ. ಎರಡೇ ಒಲಿ ಅದಾವ. ಮೂರು ತಾಸು ಹಿಡೀತದ" ಅಂದ. ನಾನು ಮೇಡಂಗೆ ಫೋನ್ ಮಾಡಿ, "ಮೂರು ಗಂಟೆ ಇದೆ, ನಿಧಾನವಾಗಿ ಬನ್ನಿ" ಅಂದೆ.

ಸುಮ್ಮನೆ ಕೂತಿದ್ದರೆ ಆಗ್ತಿತ್ತು. ಮೇಷ್ಟ್ರು ಗಡಿಯಾರ ತೆಗೆದರು.

"ನೋಡೋ, ಒಲೆ ಖಾಲಿಯಾಗಿ ಅರ್ಧ ಗಂಟೆ ಸುಮ್ಮನೆ ನಿಂತಿದೆ. ಬಾಗಿಲು ತೆಗೆದ ಮೇಲೆ ಇವರು ಕರ್ಪೂರ ಹುಡುಕ್ತಾರೆ, ಆಧಾರ್ ಜೆರಾಕ್ಸಿಗೆ ಓಡ್ತಾರೆ. ಯಜಮಾನ್ರು ಇದ್ದಿದ್ರೆ ಸುಮ್ನಿರ್ತಿದ್ರಾ?"

ಒಲೆಯವನು ಕೈ ಮುಗಿದ. "ಸುಮ್ಮ ಕುಂದರ್ರಿ ಸರ. ಒಳಗ ಹೋಗೋರಿಗೇ ಅವಸರ ಇಲ್ಲ, ನಿಮಗ್ಯಾಕ?"

ಕೇಳೋರು ಯಾರು? ಐದು ನಿಮಿಷದಲ್ಲಿ ವ್ಯವಸ್ಥೆ ತಯಾರು. ಒಂದನೇ ಮೇಜಿನಲ್ಲಿ ಕಾಗದಪತ್ರ, ಅಲ್ಲಿ ನಾನು. ಎರಡನೇ ಮೇಜಿನಲ್ಲಿ ಅಕ್ಕಿ, ಹೂವು, ಕರ್ಪೂರ, ಅಲ್ಲಿ ನಮ್ಮವನೇ ಇನ್ನೊಬ್ಬ. ಬಾಗಿಲಲ್ಲಿ ಮೇಷ್ಟ್ರು. ಯಾರದು ಸಿದ್ಧವೋ ಅವರದು ಮೊದಲು. ಉಳಿದವರೂ ಒಪ್ಪಿದರು, ಯಾಕೆಂದರೆ ಒಬ್ಬರ ಮಗ ಹಾಸನದಿಂದ ಬರಬೇಕಿತ್ತು, ಇನ್ನೊಬ್ಬರ ಪುರೋಹಿತರೇ ನಾಪತ್ತೆ. ಒಬ್ಬರು ದುಃಖತಪ್ತರು ಕಣ್ಣೊರೆಸಿಕೊಂಡು, "ನೀವು ಯಾವ ಟ್ರಸ್ಟಿನವರು ಸಾರ್?" ಅಂದರು. ಮೇಷ್ಟ್ರು ನಮ್ಮ ವಿಸಿಟಿಂಗ್ ಕಾರ್ಡು ಕೊಟ್ಟರು!

ನನ್ನ ಮುಂದೆ ಬಂದ ಕಾಗದಗಳಲ್ಲಿ ಎಲ್ಲದರಲ್ಲೂ ಏನಾದರೊಂದು ಕೊರತೆ. ಒಂದೇ ಒಂದು ಕಟ್ಟು ಅಚ್ಚುಕಟ್ಟಾಗಿತ್ತು. ಸಹಿ, ಫೋಟೋ, ಜೆರಾಕ್ಸು ಎಲ್ಲ ಸರಿ. ನನಗೆ ಎಷ್ಟು ಖುಷಿಯಾಯಿತೆಂದರೆ ಹೆಸರೂ ನೋಡದೆ, "ಐದು ರೆಡಿ!" ಅಂತ ಕೂಗಿದೆ. ಮನೆಯಿಂದ ಹೊರಡುವಾಗ ಯಜಮಾನರ ಬಾಯಿಗೆ ನಾವೂ ಒಂದೊಂದು ಕಾಳು ಅಕ್ಕಿ ಹಾಕಿದ್ದೆವು; ಎರಡನೇ ಮೇಜಿನವನು ಬಾಯಲ್ಲಿ ಅಕ್ಕಿ ಕಂಡು ಟಿಕ್ ಹಾಕಿದ. ಮೇಷ್ಟ್ರ ಕಣ್ಣು ಗಡಿಯಾರದ ಮೇಲೆ. ಒಲೆಯ ಬಾಗಿಲು ಇಳಿಯಿತು.

"ಮೂರು ಗಂಟೆ ಇದ್ದದ್ದು ಐವತ್ತೆರಡು ನಿಮಿಷ!" ಅಂದರು ಮೇಷ್ಟ್ರು. ನಾವು ಚಪ್ಪಾಳೆ ತಟ್ಟಿದೆವು. ಸುಡುಗಾಡಿನಲ್ಲಿ ಚಪ್ಪಾಳೆ!

ಆಗ ನನ್ನ ಫೋನು ಬಡಿದುಕೊಂಡಿತು. ಮೇಡಂ. "ಗೇಟಿನ ಹತ್ರ ಇದ್ದೀವಿ. ಇನ್ನೂ ಎರಡು ಗಂಟೆ ಇದೆಯಲ್ಲ, ಅಕ್ಕಂಗೆ ಒಂದು ಎಳನೀರು ಕುಡಿಸ್ಕೊಂಡು ಬರ್ಲಾ?"

ಮೇಡಂ ಬಂದರು. ಬಲಗೈ ಮುಷ್ಟಿಯಲ್ಲಿ ಅಕ್ಕಿ. ಮೇಷ್ಟ್ರೊಬ್ಬರೇ ಧೈರ್ಯ ಮಾಡಿ, "ಮೇಡಂ... ಅದು... ಕಾಯೋ ಟೈಮು ಕಡಿಮೆ ಮಾಡಿದ್ವಿ" ಅಂದರು.

ಮೇಡಂ ಬಾಗಿಲು ನೋಡಿದರು. ಮೇಷ್ಟ್ರ ಕೈಯ ಗಡಿಯಾರ ನೋಡಿದರು. ಅಕ್ಕಿಯನ್ನು ಬಾಗಿ ಹೊಸ್ತಿಲ ಮೇಲೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು.

"ನಲವತ್ತು ವರ್ಷ ಇವರ ದಾರಿ ಕಾದೆ ಕಣ್ರೀ. ಒಂದೇ ಒಂದಿನ ಇವರು ನನ್ನ ದಾರಿ ಕಾಯಬೇಕಿತ್ತು. ಅದಕ್ಕೂ ಏಳು ಜನರನ್ನ ಇಟ್ಕೊಂಡು ತಪ್ಪಿಸ್ಕೊಂಡ್ರಲ್ಲಾ!"

ಅಂದು, ಅಳುತ್ತಲೇ ನಕ್ಕುಬಿಟ್ಟರು. ಆಮೇಲೆ ನಾವೂ. ಒಲೆಯವನೂ.

ಗೇಟಿನಿಂದ ಹೊರಗೆ ಬಂದು ನೋಡಿದರೆ, ಊರೆಲ್ಲ ಯಂತ್ರ ನಿಲ್ಲಿಸಿ, ತೊಳೆದು, ವಿಭೂತಿ ಬಳಿದು, ಹೂ ಮುಡಿಸಿತ್ತು. ಇಡೀ ಪೀಣ್ಯದಲ್ಲಿ ಓಡುತ್ತಿದ್ದದ್ದು ಆ ಎರಡೇ ಒಲೆ. ಅವತ್ತು ಆಯುಧಪೂಜೆ.